ಏರಿಯ ಮೇಲೋ, ಏರಿಯ ಒಳಗೋ?

ಗಡಿನಾಡಿನಲ್ಲಿ ಬಾಳುವವರಿಗೆ ಎರಡು ನುಡಿಗಳ ಬಳಕೆಯಿರುವುದು ಭಾಗ್ಯವೇ ಸರಿ. ಆದರೆ ಎರಡರಲ್ಲಿಯೂ ಇರುವ ಒಂದೇ ಶಬ್ದವು ಬೇರೆ ಬೇರೆ ಅರ್ಥ ಕೊಡುವಾಗ ಆ ಭಾಗ್ಯವೇ ತೊಡಕಾಗುವುದುಂಟು. ನಮಗೆ ‘ಏರಿ’ಯೆಂದರೆ ಕೆರೆಯ ಕಟ್ಟೆ, ತಮಿಳರಿಗೆ ‘ಏರಿ’ಯೆಂದರೆ ಕೆರೆಯೇ. ಈ ಒಂದು ಶಬ್ದದ ದೆಸೆಯಿಂದ ಡೆಂಕಣಿಕೋಟೆಯ ಸಮೀಪದಲ್ಲಿರುವ ನಮ್ಮ ಬಂಧುಗಳ ಮನೆಯವರು ಎಂಟು ತಿಂಗಳು ನೆಮ್ಮದಿಯನ್ನು ಕಳೆದುಕೊಂಡರು.

ಊರ ಕೆರೆಯ ಮೀನು ಗುತ್ತಿಗೆಯಾಗಿತ್ತು. ಹರಾಜಿನಲ್ಲಿ ಹಣ ಕಟ್ಟಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟವರಿಗೆ ಮಾತ್ರ ಅಲ್ಲಿ ಬಲೆ ಬೀಸುವ ಹಕ್ಕು. ಒಂದು ಸಂಜೆ ಕೆಲವರು ಕದ್ದು ಬಲೆ ಬೀಸಿದರು. ಕಾವಲುಗಾರರನ್ನು ಕಂಡು ಬಲೆಯನ್ನು ಬಿಟ್ಟು ಓಡಿದರು. ಓಡದೆ ನಿಂತವನು ಆಡು ಮೇಯಿಸುತ್ತಿದ್ದ ನಮ್ಮ ಬಂಧುಗಳ ಹತ್ತೊಂಬತ್ತರ ಹುಡುಗನೊಬ್ಬನೇ. ‘ಎಲ್ಲಿದ್ದೆ?’ ಎಂದು ಕೇಳಿದಾಗ ‘ಏರಿಯಲ್ಲಿದ್ದೆ’ ಎಂದನು. ಬರೆದುಕೊಂಡವರು ತಮಿಳಿನಲ್ಲಿ ‘ಏರಿಯಲ್ಲಿ ಬಲೆಯೊಡನೆ ಇದ್ದುದಾಗಿ ಒಪ್ಪಿದನು’ ಎಂದು ಬರೆದರು. ಹುಡುಗನು ಓದಲಾರದ ಆ ಹಾಳೆಗೆ ರುಜು ಹಾಕಿ ಮನೆಗೆ ಬಂದನು. ಕೆಲವು ವಾರಗಳ ಮೇಲೆ, ಪರವಾನಗಿಯಿಲ್ಲದೆ ಮೀನು ಹಿಡಿದ ಆರೋಪಕ್ಕೆ ಉತ್ತರಿಸಬೇಕೆಂದು ನ್ಯಾಯಾಲಯದ ಸಮನ್ಸು ಬಂದಿತು.

‘ದಂಡ ಕಟ್ಟಿಬಿಡೋಣ ಭಾವ, ಪೀಡೆ ತೊಲಗಲಿ’ ಎಂದರು ಹುಡುಗನ ತಂದೆ. ಸಣ್ಣ ಮೊತ್ತವೇನೋ ನಿಜ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಮೂಲ ಪಾಠದಲ್ಲಿ, ಮೀನು ಹಿಡಿಯುವ ನಿಯಮಗಳನ್ನು ಮೀರಿದವರಿಗೆ ವಿಧಿಸಬಹುದಾದ ದಂಡದ ಮಿತಿ 100 ರೂಪಾಯಿ. ಸಿಡಿಮದ್ದು ಹಾಕಿದವರಿಗೂ ನೀರಿಗೆ ವಿಷ ಬೆರೆಸಿದವರಿಗೂ ಎರಡು ತಿಂಗಳ ಸೆರೆಯವರೆಗಿನ ಶಿಕ್ಷೆಯನ್ನು ಅದು ಪ್ರತ್ಯೇಕವಾಗಿ ಹೇಳಿತ್ತು. ಆದರೆ ಸಮನ್ಸಿಗೆ ಉತ್ತರವಾಗಿ ದಂಡ ಕಟ್ಟುವುದೆಂದರೆ ತಪ್ಪನ್ನು ಒಪ್ಪಿಕೊಂಡಂತೆ. ಹುಡುಗನು ಆಗತಾನೇ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದನು. ಹಳೆಯ ಮೊಕದ್ದಮೆಗಳನ್ನು ಕೇಳುವ ಅಂಕಣದ ಮುಂದೆ ಅವನು ಏನೆಂದು ಬರೆಯಬೇಕು? ಮಾಡದ ತಪ್ಪನ್ನು ಅಗ್ಗದ ಬೆಲೆಗೆ ಕೊಳ್ಳುವುದು ಬೇಡವೆಂದು ನಾವು ಹೇಳಿದೆವು.

ಮೊದಲು ಸಮನ್ಸಿನ ಜೊತೆಗಿದ್ದ ಕಾಗದಗಳನ್ನು ತಮಿಳು ಬಲ್ಲ ಮೇಷ್ಟರೊಬ್ಬರಿಂದ ಪದಪದವಾಗಿ ಓದಿಸಿದೆವು. ‘ಏರಿ’ಯ ಗುಟ್ಟು ಹೊರಬಿದ್ದದ್ದು ಆಗಲೇ. ಅನಂತರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ವಕೀಲರ ನೆರವನ್ನು ಪಡೆದೆವು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ನಿಗದಿಯಾದ ವರಮಾನದ ಮಿತಿಯೊಳಗಿರುವವರಿಗೂ ಈ ನೆರವು ಉಚಿತವಾಗಿ ದೊರೆಯುತ್ತದೆ.

ನುಡಿಯ ವಿಷಯದಲ್ಲಿ ಓದುಗರು ಎರಡು ಮಾತುಗಳನ್ನು ನೆನಪಿಡಬೇಕು. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತುಂಬಿದ ನ್ಯಾಯಾಲಯದಲ್ಲಿಯೇ ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 279ನೆಯ ಪ್ರಕರಣವು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. ಎರಡನೆಯದಾಗಿ, ಕುಂದುಕೊರತೆಯ ಮನವಿಯನ್ನು ಯಾವುದೇ ಅಧಿಕಾರಿಗೆ ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದವು ನಮಗೆ ಕೊಟ್ಟಿದೆ. ಕೇಳದವರಿಗೆ ಮಾತ್ರ ಈ ಹಕ್ಕುಗಳು ತಾವಾಗಿ ನಡೆದು ಬರುವುದಿಲ್ಲ.

ವಿಚಾರಣೆಯ ದಿನ ಹುಡುಗನು ‘ನಾನು ತಪ್ಪು ಮಾಡಿಲ್ಲ’ ಎಂದು ಕನ್ನಡದಲ್ಲಿಯೇ ಹೇಳಿದನು. ಅವನ ಕೈಯಲ್ಲಿ ಬಲೆಯನ್ನಾಗಲಿ ಮೀನನ್ನಾಗಲಿ ತಾನು ನೋಡಲಿಲ್ಲವೆಂದು ಕಾವಲುಗಾರನು ವಕೀಲರ ಪ್ರಶ್ನೆಗೆ ಉತ್ತರಿಸಿದನು. ಇಬ್ಬರು ನೆರೆಯವರು ಆಡುಗಳ ಸಾಕ್ಷಿ ನುಡಿದರು. ‘ಏರಿ’ಯ ಎರಡು ಅರ್ಥಗಳನ್ನು ಕೇಳಿ ದಂಡಾಧಿಕಾರಿಗಳ ಮುಖದಲ್ಲಿ ನಗೆ ಮೂಡಿತು. ಎರಡು ವಾಯಿದೆಗಳ ಬಳಿಕ ಆರೋಪವು ಬಿದ್ದುಹೋಯಿತು.

ಇಷ್ಟನ್ನು ಬರೆದುದು ಕದ್ದು ಮೀನು ಹಿಡಿಯುವವರಿಗೆ ದಾರಿ ತೋರಲೆಂದಲ್ಲ. ‘ಗುತ್ತಿಗೆದಾರರು ಬಾಯಿಮಾತಿನಲ್ಲಿ ಒಪ್ಪಿದ್ದರು’ ಎಂಬ ವಾದವನ್ನು ನೆಚ್ಚಿ ಕೂರುವಂತಿಲ್ಲ. ಒಡಿಶಾದ ಚಿಲಿಕಾ ಸರೋವರದಲ್ಲಿ ಮೀನು ಹಿಡಿಯುವ ಹಕ್ಕನ್ನು ಹಿಂದಿನ ಒಡೆಯರಿಂದ ಬಾಯಿಮಾತಿನ ಮೇಲೆ ಪಡೆದಿದ್ದವರ ಮೊಕದ್ದಮೆಯು 1955ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆನಂದ ಬೆಹೆರಾ ಮೊಕದ್ದಮೆಯೆಂದು ಅದಕ್ಕೆ ಹೆಸರು. ಅಂತಹ ಹಕ್ಕು ಸ್ಥಿರಾಸ್ತಿಗೆ ಸಮಾನ, ನೂರು ರೂಪಾಯಿಗೆ ಮೀರಿದ್ದಾದರೆ ಬರಹವೂ ನೋಂದಣಿಯೂ ಬೇಕು ಎಂದು ನ್ಯಾಯಾಲಯವು ಹೇಳಿತು. ಹಣ ಕೊಟ್ಟಿದ್ದವರು ಬರಿಗೈಯಲ್ಲಿ ಮರಳಿದರು. ಕಾಡಿನ ನೀರಿಗಂತೂ ಕಟ್ಟುಪಾಡು ಇನ್ನೂ ಬಿಗಿ. 1882ರ ಮದರಾಸು ಅರಣ್ಯ ಕಾಯಿದೆಯ ಕಾಲದಿಂದಲೂ ಮೀಸಲು ಅರಣ್ಯದಲ್ಲಿ ನಿಯಮ ಮೀರಿ ಮೀನು ಹಿಡಿಯುವುದು ಅಪರಾಧ. ಡೆಂಕಣಿಕೋಟೆಯ ಕಡೆಯ ಕಾಡುಗಳನ್ನು ಒಳಗೊಂಡ ಕಾವೇರಿ ಉತ್ತರ ವನ್ಯಜೀವಿಧಾಮವು 2014ರಲ್ಲಿ ಘೋಷಿತವಾದ ಮೇಲೆ, ಅಜ್ಜನ ಕಾಲದಿಂದ ಗಾಳ ಹಾಕುತ್ತಿದ್ದೇವೆಂಬ ಮಾತು ಅಲ್ಲಿ ರಕ್ಷಣೆಯಾಗಲಾರದು.

ಆದುದರಿಂದ ನೀರಿಗಿಳಿಯುವ ಮುನ್ನ ಗುತ್ತಿಗೆ ಯಾರದೆಂದು ವಿಚಾರಿಸಿರಿ. ಕೊಟ್ಟ ಹಣಕ್ಕೆ ರಸೀತಿ ಪಡೆಯಿರಿ. ಓದಲು ಬಾರದ ಕಾಗದಕ್ಕೆ ಮಾತ್ರ ಎಂದಿಗೂ ರುಜು ಹಾಕದಿರಿ. ಮಕ್ಕಳಿಗೆ ಕನ್ನಡದೊಡನೆ ತಮಿಳಿನ ಅಕ್ಷರಗಳನ್ನೂ ಕಲಿಸಿರಿ. ಅದರಿಂದ ತಾಯ್ನುಡಿಗೆ ಕುಂದಿಲ್ಲ. ನಮ್ಮ ಹುಡುಗನು ಈಗ ಸಂಜೆಯ ಹೊತ್ತು ಮೇಷ್ಟರ ಮನೆಗೆ ತಮಿಳು ಕಲಿಯಲು ಹೋಗುತ್ತಿದ್ದಾನೆ. ದಾರಿ ಅದೇ ಏರಿಯ ಮೇಲೆಯೇ.