ರಕ್ತದಲ್ಲಿ ವೈರಸ್ಸಿನ ಲೆಕ್ಕ

ಚಾಮರಾಜನಗರದ ಸಮೀಪದಲ್ಲಿರುವ ಸುವರ್ಣಾವತಿ ಜಲಾಶಯದ ದಡದಲ್ಲಿ ನಿಂತು ನೀರಿನ ಮಟ್ಟವನ್ನು ಗಮನಿಸಿರಿ. ನಿನ್ನೆ ಇದ್ದಷ್ಟೇ ಇಂದೂ ಇದ್ದರೆ ಅಲ್ಲಿ ಏನೂ ನಡೆದಿಲ್ಲವೆಂದು ಹೇಳಬಹುದೆ? ಹೇಳಲಾಗದು. ಹೊಳೆಯಿಂದ ಬಂದಷ್ಟೇ ನೀರು ತೂಬಿನಿಂದ ಹೊರಗೆ ಹರಿದುಹೋಗುತ್ತಿದ್ದರೂ ಮಟ್ಟ ಕದಲುವುದಿಲ್ಲ. ಒಳಹರಿವನ್ನು ಒಮ್ಮೆಲೇ ತಡೆದು, ಮಟ್ಟವು ಎಷ್ಟು ವೇಗದಿಂದ ಇಳಿಯುವುದೆಂದು ಅಳೆದಾಗ ಮಾತ್ರ ಹೊರಹರಿವಿನ ರಭಸ ತಿಳಿಯುವುದು. ಇದೇ ಸರಳ ತತ್ತ್ವ ಎಚ್.ಐ.ವಿ. ಸೋಂಕಿನ ನಿಜಸ್ವರೂಪವನ್ನು ಬಯಲಿಗೆ ತಂದಿತು. ಭೌತವಿಜ್ಞಾನದ ಅಧ್ಯಾಪಕನೊಬ್ಬನು ರೋಗದ ವಿಷಯವನ್ನು ಬರೆಯಹೊರಟದ್ದೇಕೆಂದು ಓದುಗರು ಕೇಳಿದರೆ, ಇದು ಅಳತೆಯ ಕಥೆ ಎಂಬುದೇ ನನ್ನ ಉತ್ತರ.

ಎಚ್.ಐ.ವಿ.ಯನ್ನು ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ೧೯೮೩ರಲ್ಲಿ ಗುರುತಿಸಿದರು. ಭಾರತದಲ್ಲಿ ಅದು ಮೊದಲು ಕಂಡುಬಂದುದು ೧೯೮೬ರಲ್ಲಿ, ಮದರಾಸಿನಲ್ಲಿ. ಈ ವೈರಸ್ಸು ಸೇರಿದ ಮೇಲೆ ಹಲವು ವರ್ಷಗಳ ಕಾಲ ಮನುಷ್ಯನು ಆರೋಗ್ಯವಂತನಂತೆಯೇ ಕಾಣುತ್ತಾನೆ. ರಕ್ತದಲ್ಲಿ ವೈರಸ್ಸಿನ ಪ್ರಮಾಣವೂ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಆದುದರಿಂದ ಆ ಕಾಲದಲ್ಲಿ ವೈರಸ್ಸು ನಿದ್ರಿಸುತ್ತಿರುವುದೆಂದು ಬಹು ಜನ ಭಾವಿಸಿದ್ದರು. ಹೊಸ ಔಷಧಗಳು ಕೈಗೆ ಬಂದಾಗ ವೈದ್ಯ ಡೇವಿಡ್ ಹೋ, ಜೀವಭೌತವಿಜ್ಞಾನವನ್ನು ಅಭ್ಯಸಿಸಿದ್ದ ಅಲನ್ ಪೆರೆಲ್ಸನ್ ಮೊದಲಾದವರು ಔಷಧದಿಂದ 'ಒಳಹರಿವನ್ನು' ತಡೆದು, ಮಟ್ಟ ಇಳಿಯುವ ವೇಗವನ್ನು ಮೊದಮೊದಲು ಕೆಲವೇ ಗಂಟೆಗಳಿಗೊಮ್ಮೆ ಅಳೆದರು. ೧೯೯೬ರಲ್ಲಿ ಪ್ರಕಟವಾದ ಅವರ ಲೆಕ್ಕ ವೈದ್ಯಲೋಕವನ್ನು ಬೆರಗುಗೊಳಿಸಿತು. ರಕ್ತದಲ್ಲಿರುವ ವೈರಸ್ಸಿನ ಅರ್ಧಾಯುಷ್ಯ ಸುಮಾರು ಆರು ಗಂಟೆ ಮಾತ್ರ! ಚಿಕಿತ್ಸೆಯಿಲ್ಲದ ರೋಗಿಯ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ವೈರಸ್ಸುಗಳು ಹುಟ್ಟುತ್ತವೆ, ಅಷ್ಟೇ ಸಾಯುತ್ತವೆ. ನಿಶ್ಚಲವಾಗಿ ಕಂಡ ಕೆರೆಯೊಳಗೆ ಮಹಾಪ್ರವಾಹವೇ ಹರಿಯುತ್ತಿತ್ತು.

ಎಣಿಸುವ ಬಗೆ

ಇಷ್ಟು ಸೂಕ್ಷ್ಮವಾದ ಕಣಗಳನ್ನು ಎಣಿಸುವುದೆಂತು? ನೇರವಾಗಿ ಎಣಿಸುವುದಿಲ್ಲ, ಎಣಿಸಲು ಸಾಕಾಗುವಷ್ಟು ಬೆಳೆಸುತ್ತಾರೆ. ರಕ್ತದಿಂದ ಪ್ಲಾಸ್ಮಾ ಎಂಬ ದ್ರವವನ್ನು ಬೇರ್ಪಡಿಸಿ, ಅದರಲ್ಲಿರುವ ವೈರಸ್ಸಿನ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ಮಾರ್ಪಡಿಸುತ್ತಾರೆ. ಅನಂತರ ಪಿ.ಸಿ.ಆರ್. ಎಂಬ ಸರಣಿಕ್ರಿಯೆಯಿಂದ ಅದನ್ನು ಒಂದೊಂದು ಸುತ್ತಿನಲ್ಲಿಯೂ ಇಮ್ಮಡಿಗೊಳಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳಲ್ಲಿ ಒಂದು ತುಣುಕು ನೂರು ಕೋಟಿಗೂ ಮಿಕ್ಕಿ ಬೆಳೆಯುತ್ತದೆ. ಬೆಳೆದಂತೆಲ್ಲ ಹೊಳೆಯುವ ಬಣ್ಣವೊಂದನ್ನು ಅದರಲ್ಲಿ ಸೇರಿಸಿದ್ದು, ಆ ಬೆಳಕು ಗೊತ್ತಾದ ಮಟ್ಟವನ್ನು ಮುಟ್ಟಲು ಎಷ್ಟು ಸುತ್ತುಗಳು ಬೇಕಾದುವೆಂದು ಯಂತ್ರವು ನೋಡಿಕೊಳ್ಳುತ್ತದೆ. ಆರಂಭದಲ್ಲಿ ವೈರಸ್ಸು ಹತ್ತನೆಯ ಒಂದು ಪಾಲಿದ್ದರೆ ಸುಮಾರು ಮೂರೂಕಾಲು ಸುತ್ತು ಹೆಚ್ಚು ಬೇಕಾಗುವುದು. ಎರಡರ ಯಾವ ಘಾತ ಹತ್ತಾಗುವುದೆಂದು ಲಾಗರಿತಮ್ ಕೋಷ್ಟಕದಿಂದ ಲೆಕ್ಕ ಮಾಡಿದ ವಿದ್ಯಾರ್ಥಿಗೆ ಈ ಸಂಖ್ಯೆ ಎಲ್ಲಿಂದ ಬಂದಿತೆಂಬುದು ಸ್ಪಷ್ಟವಾಗುವುದು.

ಹೀಗೆ ದೊರೆತ ಸಂಖ್ಯೆಯೇ 'ವೈರಲ್ ಲೋಡ್'. ಚಿಕಿತ್ಸೆಯಿಲ್ಲದವರಲ್ಲಿ ಇದು ಒಂದು ಮಿಲಿಲೀಟರಿಗೆ ಹತ್ತಾರು ಸಾವಿರ, ಕೆಲವೊಮ್ಮೆ ಲಕ್ಷಗಟ್ಟಲೆ ಇರುವುದುಂಟು. ಮೂರು ಔಷಧಗಳನ್ನು ಕೂಡಿಸಿ ನಿತ್ಯವೂ ತಪ್ಪದೆ ಸೇವಿಸಿದರೆ ಕೆಲವೇ ತಿಂಗಳಲ್ಲಿ ಯಂತ್ರಕ್ಕೂ ಕಾಣದಷ್ಟು ಇಳಿಯಬಲ್ಲುದು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ೧೦೦೦ಕ್ಕಿಂತ ಕಡಿಮೆಯಾದರೆ ವೈರಸ್ಸು 'ಅದುಮಲ್ಪಟ್ಟಿದೆ' ಎಂದು ಗಣಿಸುತ್ತಾರೆ. ವೈರಸ್ಸು ಪೂರ್ಣವಾಗಿ ನಾಶವಾಯಿತೆಂದು ಇದರ ಅರ್ಥವಲ್ಲ. ಕೆಲವು ಜೀವಕೋಶಗಳಲ್ಲಿ ಅದು ಅಡಗಿ ಕುಳಿತಿರುವುದರಿಂದ, ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮಟ್ಟ ಮತ್ತೆ ಏರುವುದು. ಔಷಧವನ್ನು ಬಿಟ್ಟುಬಿಟ್ಟು ಸೇವಿಸುವುದು ಇನ್ನೂ ಅಪಾಯಕರ. ವೈರಸ್ಸು ತನ್ನನ್ನು ನಕಲು ಮಾಡಿಕೊಳ್ಳುವಾಗ ಪದೇ ಪದೇ ತಪ್ಪುತ್ತದೆ. ಔಷಧದ ಬಲ ಅರೆಬರೆಯಾಗಿರುವಾಗ ಆ ತಪ್ಪುಗಳಲ್ಲಿ ಕೆಲವು ಔಷಧಕ್ಕೆ ಬಗ್ಗದ ಹೊಸ ಪೀಳಿಗೆಯಾಗಿ ಉಳಿದುಕೊಳ್ಳುತ್ತವೆ.

ಒಬ್ಬರಿಂದ ಊರಿಗೆ

ಭಾರತ ಸರ್ಕಾರವು ಈ ಔಷಧಗಳನ್ನು ಉಚಿತವಾಗಿ ಕೊಡಲು ತೊಡಗಿದುದು ೨೦೦೪ರ ಏಪ್ರಿಲಿನಲ್ಲಿ. ಆಗ ಚಿಕಿತ್ಸೆಯ ಫಲವನ್ನು ಮುಖ್ಯವಾಗಿ ಸಿಡಿ೪ ಎಂಬ ಬಿಳಿ ರಕ್ತಕಣಗಳ ಎಣಿಕೆಯಿಂದ ತಿಳಿಯಬೇಕಾಗಿತ್ತು. ಪೈರು ಬಾಡಿದ ಮೇಲೆ ಕೆರೆ ಬತ್ತಿದುದನ್ನು ಅರಿಯುವಂತೆ, ಈ ಸೂಚನೆ ತಡವಾಗಿ ಬರುವಂಥದು. ೨೦೧೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೈರಲ್ ಲೋಡ್ ಪರೀಕ್ಷೆಯೇ ಮೇಲೆಂದು ಸಲಹೆಯಿತ್ತಿತು. ೨೦೧೮ರಲ್ಲಿ ನಮ್ಮ ದೇಶದಲ್ಲಿ ಚಿಕಿತ್ಸೆ ಪಡೆಯುವವರೆಲ್ಲರಿಗೂ ಅದನ್ನು ಮಾಡುವ ಕಾರ್ಯ ಆರಂಭವಾಯಿತು.

ಇಲ್ಲಿಂದ ಮುಂದೆ ಈ ಸಂಖ್ಯೆಗೆ ಎರಡನೆಯ ಉಪಯೋಗವೊಂದು ಒದಗಿತು. ಒಬ್ಬ ರೋಗಿಯ ಅಂಕೆ ಅವನ ದೇಹದ ಸ್ಥಿತಿಯನ್ನು ಹೇಳಿದರೆ, ನೂರಾರು ರೋಗಿಗಳ ಅಂಕೆಗಳು ಕೂಡಿ ಚಿಕಿತ್ಸಾಕೇಂದ್ರದ ಸ್ಥಿತಿಯನ್ನು ಹೇಳುತ್ತವೆ. ಗುಂಡ್ಲುಪೇಟೆಯ ಕೂಲಿಕಾರನೊಬ್ಬನನ್ನು ಭಾವಿಸಿಕೊಳ್ಳಿ. ಮಾತ್ರೆಗಾಗಿ ಅವನು ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗಿಬರಬೇಕಾದರೆ ಆ ದಿನದ ಕೂಲಿ ಹೋಯಿತು. ಬೇಸಾಯದ ಕೆಲಸ ಹುಡುಕಿ ಕೇರಳಕ್ಕೋ ಉದಕಮಂಡಲದ ಕಡೆಗೋ ಹೋದ ತಿಂಗಳಲ್ಲಿ ಮಾತ್ರೆಯೇ ತಪ್ಪೀತು. ಕೇಂದ್ರದಲ್ಲಿ ಔಷಧ ಮುಗಿದಿದ್ದರೂ, ನರ್ಸು ಗದರಿದರೂ, ನೆರೆಯವರು ಕಂಡಾರೆಂಬ ಅಂಜಿಕೆಯಿಂದ ಅವನು ಹಿಂದೆಗೆದರೂ ಪರಿಣಾಮ ಒಂದೇ: ವೈರಸ್ಸಿನ ಮಟ್ಟ ಏರುವುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಲಿಂಕ್ ಕೇಂದ್ರಗಳನ್ನು ತೆರೆದು ಊರಿನ ಸಮೀಪದಲ್ಲೇ ಮಾತ್ರೆ ಕೊಡುವ ಏರ್ಪಾಡು ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇರುವುದು ಈ ಕಾರಣದಿಂದಲೇ. ಅಂಥ ಏರ್ಪಾಡು ಫಲಿಸಿತೆ ಇಲ್ಲವೆ ಎಂಬುದಕ್ಕೆ ಉದ್ಘಾಟನೆಯ ಭಾಷಣ ಪ್ರಮಾಣವಲ್ಲ. ರಕ್ತದ ಲೆಕ್ಕವೇ ಪ್ರಮಾಣ.

ಛೇದವನ್ನು ಮರೆಯಬಾರದು

ಆದರೆ ಲೆಕ್ಕವೂ ಮೋಸಮಾಡಬಲ್ಲುದು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕೇಂದ್ರದಲ್ಲಿ ೨೦೦ ಜನ ಚಿಕಿತ್ಸೆಗೆ ಹೆಸರು ಬರೆಸಿದ್ದಾರೆ. ಅವರಲ್ಲಿ ೧೫೦ ಜನ ಪರೀಕ್ಷೆಗೆ ಬಂದರು. ೧೩೫ ಜನರಲ್ಲಿ ವೈರಸ್ಸು ಅದುಮಲ್ಪಟ್ಟಿತ್ತು. ೧೩೫ನ್ನು ೧೫೦ರಿಂದ ಭಾಗಿಸಿದರೆ ನೂರಕ್ಕೆ ೯೦. ೨೦೦ರಿಂದ ಭಾಗಿಸಿದರೆ ೬೭.೫. ಎರಡೂ ಸರಿಯಾದ ಭಾಗಾಹಾರಗಳೇ, ಆದರೆ ಮೊದಲನೆಯದು ಬಂದವರ ಸುದ್ದಿಯನ್ನಷ್ಟೇ ಹೇಳುತ್ತದೆ. ಬಾರದ ಐವತ್ತು ಜನರಲ್ಲಿ ಮಾತ್ರೆ ಬಿಟ್ಟವರು, ಊರು ಬಿಟ್ಟವರು, ಬಹುಶಃ ತೀರಿಕೊಂಡವರು ಇರಬಹುದು. ಆ ಐವತ್ತು ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಕೇಂದ್ರದ ಅಂಕೆ ಒಂದೇ ದಿನದಲ್ಲಿ ಏರುವುದು. ಒಬ್ಬ ರೋಗಿಯ ಸ್ಥಿತಿಯೂ ಉತ್ತಮವಾಗಿರುವುದಿಲ್ಲ.

ಸಣ್ಣ ಸಂಖ್ಯೆಗಳದು ಇನ್ನೊಂದು ತೊಡಕು. ಇಪ್ಪತ್ತೈದು ಜನರಿರುವಲ್ಲಿ ಹೋದ ವರ್ಷ ೨೩, ಈ ವರ್ಷ ೨೨ ಜನ ಅದುಮುವಿಕೆಯನ್ನು ಸಾಧಿಸಿದರೆ, ಶೇಕಡಾ ೯೨ರಿಂದ ೮೮ಕ್ಕೆ ಕುಸಿಯಿತೆಂದು ಗಾಬರಿಪಡುವುದು ತಕ್ಕುದಲ್ಲ. ಇಷ್ಟು ಚಿಕ್ಕ ಗುಂಪಿನಲ್ಲಿ ಒಬ್ಬಿಬ್ಬರ ವ್ಯತ್ಯಾಸ ಕೇವಲ ಆಕಸ್ಮಿಕದಿಂದಲೇ ಆಗಬಹುದು. ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನವನ್ನು ಒಮ್ಮೆ ಮಾತ್ರ ಅಳೆದು ತೀರ್ಮಾನಿಸಬಾರದೆಂದು ನಾವು ಕಲಿಸುವುದು ಇದೇ ಪಾಠವನ್ನು. ಹಲವು ವರ್ಷಗಳ ಅಂಕೆಗಳನ್ನು ಸಾಲಾಗಿಟ್ಟು ನೋಡಿದಾಗ ಮಾತ್ರ ನಿಜವಾದ ಏರಿಳಿತ ಕಾಣುವುದು.

ಸದ್ಭಾವನೆಯ ಉಪಾಯವನ್ನೂ ಅಳೆದೇ ನೋಡಬೇಕು ಎಂಬುದಕ್ಕೆ ದಕ್ಷಿಣ ಭಾರತದಲ್ಲೇ ನಿದರ್ಶನವುಂಟು. ರೋಗಿಗಳ ಮೊಬೈಲ್ ಫೋನಿಗೆ ವಾರಕ್ಕೊಮ್ಮೆ ಧ್ವನಿಕರೆಯನ್ನೂ ಚಿತ್ರಸಂದೇಶವನ್ನೂ ಕಳುಹಿಸಿದರೆ ಮಾತ್ರೆ ತಪ್ಪುವುದು ಕಡಿಮೆಯಾದೀತೆಂದು ಯಾರಿಗಾದರೂ ತೋರುವುದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಸ್ವೀಡನ್ ದೇಶದ ಸಂಶೋಧಕರೂ ಕೂಡಿ ೬೩೧ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಇಂಥ ಜ್ಞಾಪನೆಗಳನ್ನು ಕಳುಹಿಸಿ ಸುಮಾರು ಎರಡು ವರ್ಷ ವೈರಲ್ ಲೋಡ್ ಅಳೆದರು. ೨೦೧೪ರಲ್ಲಿ ಫಲಿತಾಂಶ ಪ್ರಕಟವಾಯಿತು. ನೂರು ಜನರನ್ನು ಒಂದು ವರ್ಷ ನೋಡಿದರೆ ಎಷ್ಟು ಜನರಲ್ಲಿ ಚಿಕಿತ್ಸೆ ವಿಫಲವಾಗುವುದೆಂಬ ಪ್ರಮಾಣ ಕರೆ ಪಡೆದವರಲ್ಲಿ ೧೦.೫, ಪಡೆಯದವರಲ್ಲಿ ೧೦.೭. ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ಮರೆವೊಂದೇ ಶತ್ರುವಲ್ಲವೆಂಬುದು ನನಗೆ ಇದರಿಂದ ತೋರುವ ಪಾಠ. ಅಳತೆಯಿಲ್ಲದೆ ಹೋಗಿದ್ದರೆ ಹಣವನ್ನೂ ಭರವಸೆಯನ್ನೂ ಆ ದಾರಿಯಲ್ಲೇ ಸುರಿಯುತ್ತಿದ್ದೆವು.

ಕೊನೆಯದಾಗಿ, ಈ ಅಂಕೆಯಲ್ಲಿ ರೋಗಿಯೊಬ್ಬನ ಆಯುಷ್ಯಕ್ಕಿಂತಲೂ ಹೆಚ್ಚಿನದು ಅಡಗಿದೆ. ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ ನೂರಾರು ಜೋಡಿಗಳನ್ನು ಯೂರೋಪಿನಲ್ಲಿ ವರ್ಷಗಳ ಕಾಲ ಪರಿಶೀಲಿಸಿದ ಪಾರ್ಟ್ನರ್ ಅಧ್ಯಯನದ ಫಲಗಳು ೨೦೧೬ರಲ್ಲಿಯೂ ೨೦೧೯ರಲ್ಲಿಯೂ ಹೊರಬಂದವು. ಚಿಕಿತ್ಸೆಯಿಂದ ವೈರಲ್ ಲೋಡ್ ೨೦೦ಕ್ಕಿಂತ ಕೆಳಗಿದ್ದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ತಗುಲಿದ ಒಂದು ಪ್ರಸಂಗವೂ ಕಂಡುಬರಲಿಲ್ಲ. ಸಹಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ ಕೈ ಮುಟ್ಟುವುದರಿಂದಾಗಲಿ ಈ ರೋಗ ಹರಡದೆಂಬುದು ಮೊದಲೇ ತಿಳಿದಿತ್ತು. ದಾಂಪತ್ಯದ ಭಯಕ್ಕೂ ಈಗ ಔಷಧ ದೊರಕಿದಂತಾಯಿತು. ರೋಗಿಯ ಗುಟ್ಟನ್ನು ಹೊರಗೆಡಹುವುದನ್ನೂ ಅವನನ್ನು ಬೇರೆಯಾಗಿ ಕಾಣುವುದನ್ನೂ ೨೦೧೭ರ ಕಾನೂನು ನಿಷೇಧಿಸುತ್ತದೆ.

ಕೆರೆಯ ಮಟ್ಟ ತಿಳಿಯಲು ಹಿರಿಯರು ಅಳತೆಗಲ್ಲು ನೆಡುತ್ತಿದ್ದರು. ಕಲ್ಲು ತಾನೇ ನೀರು ತರುವುದಿಲ್ಲ. ಆದರೆ ತೂಬನ್ನು ಯಾವಾಗ ದುರಸ್ತು ಮಾಡಬೇಕೆಂದು ಹೇಳುತ್ತದೆ. ವೈರಲ್ ಲೋಡ್ ಅಂಥದೊಂದು ಕಲ್ಲು. ಅದನ್ನು ಓದುವಾಗ ಬಂದವರೊಡನೆ ಬಾರದವರನ್ನೂ ಲೆಕ್ಕದಲ್ಲಿ ಸೇರಿಸಿಕೊಂಡು, ಅವರನ್ನು ಹುಡುಕಿಕೊಂಡು ಹೋಗುವವರಿದ್ದರೆ ಅಳತೆ ಸಾರ್ಥಕವಾಗುವುದು.