ಬೆಳಗಾವಿ ಗಡಿ ವಿವಾದ: ರಾಜ್ಯದ ಗಡಿ ಬದಲಿಸುವ ಅಧಿಕಾರ ಯಾರಿಗಿದೆ?

ಬೆಳಗಾವಿ ವಿಚಾರ ಕಾವೇರಿದರೆ ಮೊದಲು ಪೆಟ್ಟು ಬೀಳುವುದು ಬಸ್‌ಗಳಿಗೆ. 2022ರ ಡಿಸೆಂಬರ್‌ನಲ್ಲೂ ಅದೇ ಆಯಿತು. ಎರಡೂ ಕಡೆ ವಾಹನಗಳಿಗೆ ಕಲ್ಲು ತೂರಲಾಯಿತು, ಮಸಿ ಬಳಿಯಲಾಯಿತು. ಪುಣೆ, ಕೊಲ್ಹಾಪುರದ ಕನ್ನಡಿಗರಿಗೆ ಊರಿಗೆ ಹೋಗುವುದೇ ಚಿಂತೆಯಾಯಿತು. ಅಷ್ಟಕ್ಕೂ ಈ ಗಡಿ ಎಳೆದವರು ಯಾರು, ಬದಲಿಸಬಲ್ಲವರು ಯಾರು?

1956ರ ನವೆಂಬರ್ 1ರಂದು ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಬೆಳಗಾವಿಯ ಚಂದಗಡ ತಾಲೂಕನ್ನು ಮಾತ್ರ ಆಗಲೇ ಬಿಡಲಾಗಿತ್ತು. ಅದೀಗ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಇಷ್ಟು ಸಾಲದು, ಹಳ್ಳಿಯನ್ನೇ ಘಟಕವಾಗಿಟ್ಟು ಮರಾಠಿ ಬಹುಸಂಖ್ಯಾತ ಊರುಗಳನ್ನೆಲ್ಲ ಕೊಡಿ ಎಂಬುದು ಮಹಾರಾಷ್ಟ್ರದ ವಾದ.

1966ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟ್‌ನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಆಯೋಗ ನೇಮಿಸಿತು. ಮರುವರ್ಷ ಬಂದ ವರದಿಯ ಪ್ರಕಾರ ಬೆಳಗಾವಿ ನಗರ ಇಲ್ಲೇ ಉಳಿಯಬೇಕು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರುಗಳು ಮಹಾರಾಷ್ಟ್ರಕ್ಕೆ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ 247 ಊರುಗಳು ನಮಗೆ. ಮಹಾರಾಷ್ಟ್ರ ಒಪ್ಪಲಿಲ್ಲ. 'ಮಹಾಜನ್ ವರದಿಯೇ ಅಂತಿಮ' ಎನ್ನುವ ನಮ್ಮ ನಾಯಕರೂ ಒಂದು ಮಾತನ್ನು ಹೆಚ್ಚು ಆಡುವುದಿಲ್ಲ: ವರದಿ ಜಾರಿಯಾದರೆ ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಂದಗಡವೂ ಕೈಬಿಡುತ್ತದೆ.

ಆಯೋಗದ ವರದಿ ಶಿಫಾರಸು ಮಾತ್ರ. ಸಂವಿಧಾನದ 3ನೇ ವಿಧಿಯಂತೆ ಗಡಿ ಬದಲಿಸುವುದು ಸಂಸತ್ತು, ಅದೂ ಸರಳ ಬಹುಮತದಿಂದ. ಮಸೂದೆಯನ್ನು ರಾಷ್ಟ್ರಪತಿ ಆಯಾ ರಾಜ್ಯದ ವಿಧಾನಮಂಡಲದ ಅಭಿಪ್ರಾಯಕ್ಕೆ ಕಳಿಸಬೇಕು, ಆದರೆ ಆ ಅಭಿಪ್ರಾಯಕ್ಕೆ ಸಂಸತ್ತು ಕಟ್ಟುಬೀಳಬೇಕಿಲ್ಲ. ಆಂಧ್ರ-ಮದ್ರಾಸ್ ಗಡಿ ಹೀಗೇ ಬದಲಾಯಿತು: ಪಾಟಸ್ಕರ್ ಸೂತ್ರ ಆಧರಿಸಿ 1959ರಲ್ಲಿ ಕಾಯ್ದೆಯಾಗಿ ತಿರುತ್ತಣಿ ಮದ್ರಾಸಿಗೆ, ಸತ್ಯವೇಡು ಆಂಧ್ರಕ್ಕೆ ಹೋದವು. ಅಲ್ಲಿ ಎರಡೂ ರಾಜ್ಯ ಒಪ್ಪಿದ್ದವು. ಇಲ್ಲಿ ಆ ಒಪ್ಪಿಗೆಯೇ ಇಲ್ಲ.

ಹೀಗಾಗಿ ಮಹಾರಾಷ್ಟ್ರ 2004ರಲ್ಲಿ 131ನೇ ವಿಧಿಯಡಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಗಡಿ ಸಂಸತ್ತಿನ ಕೆಲಸ, ಕೋರ್ಟ್‌ನದಲ್ಲ ಎಂಬುದು ಕರ್ನಾಟಕದ ಪ್ರತಿವಾದ. ತೀರ್ಪು ಬರುವವರೆಗೆ ಯಾರೂ ಹಕ್ಕು ಮಂಡಿಸಬಾರದು ಎಂದು 2022ರ ಡಿಸೆಂಬರ್‌ನಲ್ಲಿ ಗೃಹ ಸಚಿವ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳನ್ನು ಕೂರಿಸಿ ಒಪ್ಪಿಸಿದರು.

ಅದಕ್ಕೂ ಮೊದಲು ಜತ್ತ ತಾಲೂಕಿನ ಗಡಿ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದಿದ್ದವು. ಅವು ಮುಂದಿಟ್ಟ ದೂರು ಭಾಷೆಗಿಂತ ಹೆಚ್ಚಾಗಿ ನೀರಿನದು.