ತೂಕವೇ ಬೇರೆ, ಅಳತೆಯೇ ಬೇರೆ

ಊರಿನಲ್ಲಿ ಪಾವು ಎಂದರೆ ಅಕ್ಕಿಯನ್ನು ಅಳೆಯುವ ಪಾತ್ರೆ. ಮುಂಬಯಿಯ ಪೇಟೆಯಲ್ಲಿ ಪಾವ್ ಎಂದರೆ ಕಿಲೋಗ್ರಾಂನ ಕಾಲುಭಾಗ, ಅಂದರೆ 250 ಗ್ರಾಂ ತೂಕ. ಊರಿನಿಂದ ಹೊಸದಾಗಿ ಬಂದು ಉಪಾಹಾರಗೃಹದ ಅಡಿಗೆಮನೆಯನ್ನು ಸೇರುವ ತರುಣನು ಗಲಿಬಿಲಿಗೊಳ್ಳುವುದು ಇಂತಹ ಶಬ್ದಗಳಿಂದಲೇ. 'ಸೇರಿ'ನ ಸಂಗತಿಯೂ ಹಾಗೆಯೇ ಇದ್ದಿತು. ಧಾನ್ಯವನ್ನು ಅಳೆಯುವ ಸೇರು ಜಿಲ್ಲೆಯಿಂದ ಜಿಲ್ಲೆಗೆ ಬೇರೆಯಾಗುತ್ತಿತ್ತು. ತೂಕದ ಸರಕಾರಿ ಸೇರು 80 ತೊಲೆಯದು, ಇಂದಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ.

1956ರಲ್ಲಿ ತೂಕ ಮತ್ತು ಅಳತೆಗಳ ಕಾಯಿದೆಯಾಗಿ, 1958ರ ಅಕ್ಟೋಬರದಿಂದ ದೇಶದಲ್ಲಿ ಹಂತಹಂತವಾಗಿ ಕಿಲೋಗ್ರಾಂ ರೂಢಿಗೆ ಬಂದಿತು. ಅಂಗಡಿಯ ತಕ್ಕಡಿ ಬದಲಾಯಿತಾದರೂ ಅಡಿಗೆಯವರ ಅಭ್ಯಾಸ ಬದಲಾಗಲಿಲ್ಲ. ಇಂದಿಗೂ ಸಾಮಾನು ಉಗ್ರಾಣಕ್ಕೆ ಬರುವುದು ಕಿಲೋದಲ್ಲಿ, ಒಲೆಯ ಬಳಿ ಬಳಕೆಯಾಗುವುದು ಪಾತ್ರೆಯ ಅಳತೆಯಲ್ಲಿ. ಆದುದರಿಂದ ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಲೆಕ್ಕವನ್ನು ಅಡಿಗೆಯವರೂ ಗುಮಾಸ್ತರೂ ಅರಿತಿರುವುದು ಅಗತ್ಯ.

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಈ ಸಮಾನತೆ ನೀರಿಗೆ ಸಲ್ಲುತ್ತದೆಯೇ ಹೊರತು ಎಲ್ಲ ಪದಾರ್ಥಗಳಿಗೂ ಅಲ್ಲ. ಅದೇ ಲೀಟರ್ ಪಾತ್ರೆಯಲ್ಲಿ ಅಕ್ಕಿ ಸುಮಾರು 800 ಗ್ರಾಂ ಹಿಡಿಯುತ್ತದೆ, ಉದ್ದಿನಬೇಳೆ, ಸಕ್ಕರೆಗಳು 850ರ ಆಸುಪಾಸು, ರವೆ 700, ಒತ್ತದೆ ತುಂಬಿದ ಗೋದಿಹಿಟ್ಟು 500ರಿಂದ 550. ಪುಡಿ ಉಪ್ಪು ಮಾತ್ರ ನೀರನ್ನೂ ಮೀರಿ 1,200 ಗ್ರಾಂ ತೂಗುತ್ತದೆ. ಕಾಳುಗಳ ನಡುವಣ ಬರಿಯ ಜಾಗ, ಪದಾರ್ಥದ ಸ್ವಂತ ಭಾರ ಇವೆರಡೂ ಈ ವ್ಯತ್ಯಾಸಕ್ಕೆ ಕಾರಣ.

ಇಡ್ಲಿಯ ಅಕ್ಕಿಗೂ ಉದ್ದಿಗೂ ಹೆಚ್ಚಿನ ಅಂತರವಿಲ್ಲದ್ದರಿಂದ, ಅಳೆದು ಹಾಕಿದರೂ ತೂಗಿ ಹಾಕಿದರೂ ಹಿಟ್ಟು ಬಹುಮಟ್ಟಿಗೆ ಒಂದೇ ಆಗುತ್ತದೆ. ಉಪ್ಪಿಟ್ಟಿನ ಮಾತು ಹಾಗಲ್ಲ. ಒಂದು ಪಾತ್ರೆ ರವೆಗೆ ಮೂರು ಪಾತ್ರೆ ನೀರು ಎಂಬುದು ವಾಡಿಕೆಯ ಪ್ರಮಾಣ. ಇದನ್ನೇ ಒಂದು ಕಿಲೋ ರವೆಗೆ ಮೂರು ಲೀಟರ್ ನೀರು ಎಂದು ತಿಳಿದವನ ಉಪ್ಪಿಟ್ಟು ಗಟ್ಟಿಯಾಗಿ ಗಂಟುಕಟ್ಟುತ್ತದೆ. ಏಕೆಂದರೆ ಒಂದು ಕಿಲೋ ರವೆಯು ಲೀಟರ್ ಪಾತ್ರೆಯಲ್ಲಿ ಸುಮಾರು 1.4 ಪಾತ್ರೆಯಾಗುತ್ತದೆ, ಅದಕ್ಕೆ ನೀರು ನಾಲ್ಕು ಲೀಟರಿಗಿಂತಲೂ ಕೊಂಚ ಹೆಚ್ಚೇ ಬೇಕು. ತಪ್ಪು ಲೆಕ್ಕದಲ್ಲಿದ್ದರೂ ಬೈಗಳು ಬೀಳುವುದು ಅಡಿಗೆಯವನಿಗೆ.

ಇದಕ್ಕಿಂತಲೂ ಗಂಭೀರವಾದುದು ಎಣ್ಣೆಯ ಲೆಕ್ಕ. ಪೇಟೆಯಲ್ಲಿ 15 ಲೀಟರಿನ ಡಬ್ಬಿಯೂ ಉಂಟು, 15 ಕಿಲೋದ ಡಬ್ಬಿಯೂ ಉಂಟು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ 15 ಲೀಟರ್ ಎಂದರೆ 13 ಕಿಲೋ 650 ಗ್ರಾಂ ಮಾತ್ರ. ಗುಮಾಸ್ತನು ಮೇಲಿನ ಚೀಟಿಯನ್ನು ಓದದೆ ಅದನ್ನು 15 ಕಿಲೋ ಎಂದು ಬರೆದುಕೊಂಡರೆ ಡಬ್ಬಿಯೊಂದಕ್ಕೆ 1 ಕಿಲೋ 350 ಗ್ರಾಂ ಕೊರತೆ; ಹತ್ತು ಡಬ್ಬಿಗಳಿಗೆ ಹದಿಮೂರೂವರೆ ಕಿಲೋ. ತಿಂಗಳ ಕೊನೆಗೆ ಧಣಿಗಳು ಲೆಕ್ಕ ಕೇಳುವಾಗ ಆ ಎಣ್ಣೆಯನ್ನು ಯಾರೋ ಹೊರಗೆ ಸಾಗಿಸಿದರೆಂಬ ಸಂಶಯ ಬಾರದಿರದು. ಊರಿನಲ್ಲಿರುವ ಸಂಸಾರಕ್ಕೆ ಹಣ ಕಳುಹಿಸಿ ಬದುಕುವ ಬಡ ನೌಕರನಿಗೆ, ಮಾಡದ ಕಳವಿನ ಅಪವಾದ ಹೊರುವುದಕ್ಕಿಂತ ದೊಡ್ಡ ನಷ್ಟ ಯಾವುದಿದೆ?

ಇದಕ್ಕೆ ಪರಿಹಾರವು ಕಠಿನವಾದುದಲ್ಲ. ಅಡಿಗೆಮನೆಯಲ್ಲಿ ನಿತ್ಯ ಬಳಸುವ ಪಾತ್ರೆಯೊಂದನ್ನೇ ಗೊತ್ತುಮಾಡಿಕೊಳ್ಳಬೇಕು. ಬರಿಯ ಪಾತ್ರೆಯನ್ನು ತೂಗಿ, ಅನಂತರ ಪದಾರ್ಥವನ್ನು ಕುಲುಕದೆ ಒತ್ತದೆ ತುಂಬಿ, ಅಂಚಿಗೆ ಸರಿಯಾಗಿ ಕಡ್ಡಿಯಿಂದ ಸವರಿ ಮತ್ತೆ ತೂಗಬೇಕು. ಬರಿಯ ಪಾತ್ರೆಯ ತೂಕವನ್ನು ಕಳೆದರೆ ಉಳಿಯುವುದೇ ಪದಾರ್ಥದ ತೂಕ. ಮೂರು ಸಲ ಹೀಗೆ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು. ಗೋಪುರ ಕಟ್ಟಿ ತುಂಬುವ ಹಳೆಯ ರೂಢಿಯನ್ನು ಇಲ್ಲಿ ಬಿಡಬೇಕು. ಹಿಟ್ಟನ್ನು ಒತ್ತಿ ತುಂಬಿದರಂತೂ ನೂರು ಗ್ರಾಂ ಏರುವುದು ಕಷ್ಟವಲ್ಲ. ಮೇಲೆ ಕೊಟ್ಟ ಅಂಕಿಗಳು ಸಾಮಾನಿನ ಜಾತಿ, ತರಿ, ತೇವಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುವುದರಿಂದ, ಸ್ವಂತ ಪಾತ್ರೆಯಲ್ಲಿ ತೂಗಿದ ಅಂಕಿಯನ್ನೇ ನಂಬುವುದು ಲೇಸು.

ಅಕ್ಕಿ, ಬೇಳೆ, ರವೆ, ಹಿಟ್ಟು, ಸಕ್ಕರೆ, ಉಪ್ಪು, ಎಣ್ಣೆ ಈ ಏಳರ ತೂಕವನ್ನು ಒಂದು ಹಲಗೆಯ ಮೇಲೆ ಬರೆದು ಉಗ್ರಾಣದ ಬಾಗಿಲಲ್ಲಿ ತೂಗುಹಾಕಿದರೆ ಸಾಕು. ಸಾಮಾನಿನ ಜಾತಿ ಬದಲಾದಾಗ ಅಂಕಿಯನ್ನೂ ತಿದ್ದಬೇಕು. ಅಡಿಗೆಯವರು ಅದನ್ನು ನೋಡಿ ಅಳೆಯಲಿ, ಗುಮಾಸ್ತರು ಅದನ್ನೇ ನೋಡಿ ಬರೆಯಲಿ. ಇಬ್ಬರ ಲೆಕ್ಕವೂ ಒಂದಾದಲ್ಲಿ ರುಚಿಯೂ ಕೆಡದು, ನಂಬಿಕೆಯೂ ಕೆಡದು.